ಮೂರೇ ಸಲ ಬಂದವಳ ರ‍್ಯಾಂಕು ಎಷ್ಟು?

ಬಸ್ಸಿನಲ್ಲಿ ಕೂತು ಕೇಳ್ತಿರೋರು ಇಯರ್‌ಫೋನ್ ಸ್ವಲ್ಪ ಗಟ್ಟಿ ಹಾಕ್ಕೊಳ್ಳಿ, ಇವತ್ತು ಲೆಕ್ಕ ಇದೆ. ಹೆದರಬೇಡ್ರಿ, ಕೂಡಿಸೋದು ಭಾಗಿಸೋದು ಬಿಟ್ಟು ಬೇರೆ ಏನೂ ಇಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ರಾಯಚೂರಿನಲ್ಲಿ ವರ್ಷಕ್ಕೆ ಹತ್ತು ಭಾನುವಾರ ಹತ್ತು ಕಿಲೋಮೀಟರ್ ಓಟ ಇಡ್ತಾರೆ ಅಂದುಕೊಳ್ಳಿ. ಹುಡುಗಿಯರ ವಿಭಾಗ. ಗೆದ್ದವಳಿಗೆ 10 ಅಂಕ, ಎರಡನೆಯವಳಿಗೆ 9, ಹೀಗೆ ಇಳೀತಾ ಹತ್ತನೆಯವಳಿಗೆ 1. ವರ್ಷದ ಕೊನೆಗೆ ಅಂಕ ಕೂಡಿಸಿ ಪಟ್ಟಿ ಹಾಕ್ತಾರೆ.

ನಗರದಲ್ಲೇ ಇರೋ ಒಬ್ಬಳು ಹತ್ತಕ್ಕೆ ಹತ್ತೂ ಓಡಿದಳು, ಪ್ರತಿ ಸಲವೂ ಐದನೇ ಸ್ಥಾನ. ಒಟ್ಟು 60. ದೇವದುರ್ಗದಿಂದ ಒಬ್ಬಳು ಬರ್ತಾಳೆ. ಮನೇಲಿ ಹತ್ತಿ ಬಿಡಿಸೋ ಕೆಲಸ ಇರ್ತದೆ, ಭಾನುವಾರ ಬೆಳಗಿನ ಆರಕ್ಕೆ ಸ್ಟಾರ್ಟ್ ಲೈನ್‌ಗೆ ಬರಬೇಕಂದ್ರೆ ಹಿಂದಿನ ರಾತ್ರಿಯೇ ಬಂದು ಯಾರದಾದ್ರೂ ಮನೇಲಿ ಮಲಗಬೇಕು. ಮೂರೇ ಸಲ ಬಂದಳು. ಮೂರೂ ಸಲ ಗೆದ್ದಳು. ಒಟ್ಟು 30.

ಪಟ್ಟಿ ನೋಡಿದ್ರೆ ಐದನೆಯವಳು ಮೇಲೆ, ಯಾರ ಕೈಲೂ ಸೋಲದವಳು ಕೆಳಗೆ. ಅದೂ ಅರ್ಧ ಅಂಕದಲ್ಲಿ.

ಇದು ಬರೀ ಬೇಜಾರಿನ ವಿಷಯ ಅಲ್ಲ. ಅದೇ ಪಟ್ಟಿ ನೋಡಿ ಮುಂದಿನ ಟೂರ್ನಿಗೆ ಯಾರನ್ನ ಕಳಿಸಬೇಕು, ಯಾರ ಎಂಟ್ರಿ ಫೀ ಬಿಡಬೇಕು, ಯಾರಿಗೆ ಶೂ ಕೊಡಿಸಬೇಕು ಅಂತ ತೀರ್ಮಾನ ಆದ್ರೆ? ಆಗ ಆ ಪಟ್ಟಿ ಅಳೀತಿರೋದು ಕಾಲಿನ ಶಕ್ತಿನೋ ಬಸ್ ಚಾರ್ಜಿನ ಶಕ್ತಿನೋ? ಕ್ರೀಡೆಯ ಎಷ್ಟೋ ಪಟ್ಟಿಗಳಲ್ಲಿ ಈ ಎರಡೂ ಕಲಸಿಹೋಗಿವೆ ಅನ್ನೋದು ನನ್ನ ತಕರಾರು.

ಸರಿ, ಹಾಗಾದ್ರೆ ಸರಾಸರಿ ತಗೊಳ್ಳೋಣ ಅಂತೀರಿ. ದೇವದುರ್ಗದವಳಿಗೆ ಪೂರ್ತಿ 10 ಸಿಗ್ತದೆ, ನ್ಯಾಯ ಆಯ್ತು. ಆದ್ರೆ ಮಾನ್ವಿಯಿಂದ ಇನ್ನೊಬ್ಬಳು ಒಂದೇ ಒಂದು ಸಲ ಬಂದಿದ್ದಳು. ಅವತ್ತು ಯಾವುದೋ ಪರೀಕ್ಷೆ ಇತ್ತು, ಒಳ್ಳೆ ಓಟಗಾರ್ತಿಯರು ಹೆಚ್ಚು ಜನ ಬಂದಿರಲಿಲ್ಲ. ಗೆದ್ದಳು. ಅವಳ ಸರಾಸರಿಯೂ 10. ಇನ್ನೊಂದು ಕಡೆ ರಾಯಚೂರಿನ ಮತ್ತೊಬ್ಬಳು ಹತ್ತೂ ಓಡಿ ಐದು ಗೆದ್ದು ಐದರಲ್ಲಿ ಎರಡನೆಯವಳಾಗಿದ್ದಾಳೆ. ಅವಳ ಸರಾಸರಿ 9.5. ಅಂದ್ರೆ ಒಂದೇ ಸಲ ಬಂದು ಗೆದ್ದು, ಆಮೇಲೆ ಮನೇಲಿ ಕೂತವಳು ಮೇಲೆ. ಸರಾಸರಿ ಪದ್ಧತಿ ಇಟ್ಟ ಕಡೆಯೆಲ್ಲ ಈ ರೋಗ ಇದ್ದೇ ಇರ್ತದೆ. ಒಳ್ಳೆ ನಂಬರ್ ಬಂದ ಮೇಲೆ ಆಡೋದನ್ನೇ ನಿಲ್ಲಿಸ್ತಾರೆ.

ಮೂರನೇ ದಾರಿ, ಯಾರದ್ದೇ ಆಗಲಿ ಚೆನ್ನಾಗಿ ಬಂದ ಮೂರು ಫಲಿತಾಂಶ ಮಾತ್ರ ತಗೊಳ್ಳೋದು. ಇದು ಚೆನ್ನಾಗಿ ಕಾಣ್ತದೆ. ಹತ್ತು ಓಡಿದವಳು ಹತ್ತರಲ್ಲಿ ಬೇಕಾದ ಮೂರು ಆರಿಸ್ಕೋತಾಳೆ, ಮೂರು ಓಡಿದವಳಿಗೆ ಆರಿಸೋಕೆ ಏನಿದೆ? ಒಬ್ಬಳ ಕೈಲಿ ಹತ್ತು ಲಾಟರಿ ಟಿಕೆಟ್, ಇನ್ನೊಬ್ಬಳ ಕೈಲಿ ಮೂರು. ಆದ್ರೂ ಮೂರರಲ್ಲಿ ಇದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ವಾಸಿ ಅಷ್ಟೇ, ನೇರ ಅಲ್ಲ.

ಈಗ ಒಂದು ದೊಡ್ಡ ಜಿಗಿತ. ಈ ಪ್ರಶ್ನೆಗೆ ತುಂಬಾ ಹಿಂದೇನೇ ಒಳ್ಳೆ ಉತ್ತರ ಹುಡುಕಿದ ಆಟ ಸ್ಕೀಯಿಂಗ್. ಹೌದು, ಹಿಮದ ಮೇಲೆ ಜಾರೋದು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟೋ ಊರಲ್ಲಿ ಕೂತು ಹಿಮದ ಮಾತು ಯಾಕಪ್ಪಾ ಅಂತ ನಗಬೇಡಿ. ಕರ್ನಾಟಕಕ್ಕೂ ಸ್ಕೀಯಿಂಗ್‌ಗೂ ಸಂಬಂಧ ಇದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ, ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ. ಹಿಮ ಬೀಳದ ಜಿಲ್ಲೆಯಿಂದ ಹೋಗಿ.

ಸ್ಕೀಯಿಂಗ್‌ನ ಹವ್ಯಾಸಿಗಳ ಕಷ್ಟ ನಮ್ಮ ದೇವದುರ್ಗದ ಹುಡುಗಿಯ ಕಷ್ಟವೇ. ವರ್ಷದಲ್ಲಿ ಒಂದೆರಡು ಸಲ ಬೆಟ್ಟಕ್ಕೆ ಹೋಗೋ ಜನ. ಒಬ್ಬೊಬ್ಬರು ಒಂದೊಂದು ಬೆಟ್ಟದಲ್ಲಿ. ಒಂದು ಕಡೆ ಇಳಿಜಾರು ಕಡಿದು, ಇನ್ನೊಂದು ಕಡೆ ಸಪಾಟು. ಒಂದು ದಿನ ಹಿಮ ಗಟ್ಟಿ, ಇನ್ನೊಂದು ದಿನ ಕೆಸರಿನ ಹಾಗೆ. 25 ಸೆಕೆಂಡಿನಲ್ಲಿ ಇಳಿದೆ ಅಂದ್ರೆ ಅದು ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳೋದು ಹೇಗೆ?

ಅಮೆರಿಕದಲ್ಲಿ 1968ರಲ್ಲಿ ನಾಸ್ಟಾರ್ ಅನ್ನೋ ಪದ್ಧತಿ ಶುರುವಾಯ್ತು. ಅದರ ಉಪಾಯ ಇಷ್ಟು. ಪ್ರತಿ ಬೆಟ್ಟದಲ್ಲಿ ಒಬ್ಬ ಪೇಸ್‌ಸೆಟರ್ ಇರ್ತಾನೆ, ದಾರಿ ಅಳೆಯೋನು ಅನ್ನಿ. ಈ ಪೇಸ್‌ಸೆಟರ್‌ಗಳೆಲ್ಲ ಮೊದಲೇ ಒಂದು ಕಡೆ ಸೇರಿ ಸ್ಪರ್ಧೆ ಮಾಡಿ, ದೇಶದ ಅತಿ ವೇಗದವನಿಗಿಂತ ತಾವು ಶೇಕಡಾ ಎಷ್ಟು ನಿಧಾನ ಅಂತ ಗೊತ್ತು ಮಾಡ್ಕೊಂಡಿರ್ತಾರೆ. ಒಬ್ಬ ಪೇಸ್‌ಸೆಟರ್ ಶೇಕಡಾ 5 ನಿಧಾನ ಅಂತಿಟ್ಕೊಳ್ಳಿ. ಅವತ್ತು ಆ ಬೆಟ್ಟದಲ್ಲಿ ಅವನು 21 ಸೆಕೆಂಡು ತಗೊಂಡ. ಹಾಗಾದ್ರೆ ಆ ವೇಗದವನೇ ಬಂದಿದ್ರೆ 20 ಸೆಕೆಂಡು ತಗೋತಿದ್ದ. ಈಗ ನೀವು ಇಳಿದು 25 ಸೆಕೆಂಡು ತಗೊಂಡ್ರಿ. ನಿಮ್ಮ ಹ್ಯಾಂಡಿಕ್ಯಾಪ್ 25. ಅಷ್ಟೇ. ನೀವು ವರ್ಷಕ್ಕೆ ಒಂದೇ ಸಲ ಇಳಿದಿರಬಹುದು, ಆದ್ರೂ ಸಾವಿರ ಮೈಲಿ ಆಚೆ ಬೇರೆ ಬೆಟ್ಟದಲ್ಲಿ ಇಳಿದವನ ಜೊತೆ ನಿಮ್ಮನ್ನ ಇಟ್ಟು ನೋಡಬಹುದು. ಮೆಡಲ್ ಕೊಡೋವಾಗ ವಯಸ್ಸು, ಗಂಡು ಹೆಣ್ಣು ಅಂತ ಗುಂಪು ಬೇರೆ.

ಇದರ ಸೊಗಸು ಏನಂದ್ರೆ, ಅವತ್ತು ಎಷ್ಟು ಜನ ಬಂದಿದ್ರು, ಯಾರು ಬಂದಿರಲಿಲ್ಲ ಅನ್ನೋದು ಲೆಕ್ಕಕ್ಕೇ ಬರೋದಿಲ್ಲ.

ಇದು ನಮಗೆ ಹೊಸದಲ್ಲ ಬಿಡಿ. ಕಾರ ಹುಣ್ಣಿಮೆ ಹೊತ್ತಿಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸೋ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯೋದನ್ನ ನೋಡಿದ್ದೀರಲ್ಲ? ಆಂಧ್ರ, ತೆಲಂಗಾಣದಿಂದಲೂ ಜೋಡಿಗಳು ಬರ್ತಾವೆ. ಅಲ್ಲಿ ಸೀಸನ್ ಪಾಯಿಂಟ್ ಇಲ್ಲ, ಹೋದ ತಿಂಗಳು ಎಷ್ಟು ಕಡೆ ಎಳೆದ್ವು ಅಂತ ಯಾರೂ ಕೇಳೋದಿಲ್ಲ. ಅದೇ ಕಲ್ಲು, ಅದೇ ನೆಲ, ಗೊತ್ತುಮಾಡಿದ ಹೊತ್ತಿನಲ್ಲಿ ಎಷ್ಟು ದೂರ ಎಳೀತೋ ಅಷ್ಟು. ವರ್ಷಕ್ಕೊಮ್ಮೆ ಬರೋ ಜೋಡಿಗೂ ಊರೂರು ತಿರುಗೋ ಜೋಡಿಗೂ ಒಂದೇ ಟೇಪು. ಆದ್ರೆ ಬೆಳಗಿನ ತಂಪಿನಲ್ಲಿ ಎಳೆದ ಜೋಡಿಗೂ ಮಧ್ಯಾಹ್ನದ ಬಿಸಿಲಲ್ಲಿ ಎಳೆದ ಜೋಡಿಗೂ ವ್ಯತ್ಯಾಸ ಇರ್ತದೆ ಅಂತ ಯಾವ ರೈತನಾದ್ರೂ ಹೇಳ್ತಾನೆ.

ಅದೇ ಮಾತು ಸ್ಕೀಯಿಂಗ್‌ನಲ್ಲಿ ಇನ್ನೂ ಜೋರಾಗಿದೆ. ಬೆಟ್ಟದ ಸ್ಕೀ ರೇಸ್‌ನಲ್ಲಿ ಒಬ್ಬೊಬ್ಬರಾಗಿ ಇಳೀತಾರೆ. ಒಬ್ಬೊಬ್ಬರು ಇಳಿದಂತೆ ಹಿಮದಲ್ಲಿ ಗಾಲಿ ಜಾಡಿನ ಹಾಗೆ ಗುಂಡಿ ಬೀಳ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಹೋದ ದಾರಿ ನೆನಪಿಸ್ಕೊಳ್ಳಿ. ಮೊದಲು ಇಳಿಯೋರು ಯಾರು? ರ‍್ಯಾಂಕಿಂಗ್‌ನಲ್ಲಿ ಮೇಲಿರೋ ಹದಿನೈದು ಜನ. ಕಡಿಮೆ ರೇಸ್ ಆಡಿದವನಿಗೆ ಕೆಟ್ಟ ಪಾಯಿಂಟ್, ಕೆಟ್ಟ ಪಾಯಿಂಟ್‌ಗೆ ಹಿಂದಿನ ನಂಬರ್, ಹಿಂದಿನ ನಂಬರ್‌ಗೆ ಕೆಟ್ಟ ದಾರಿ, ಕೆಟ್ಟ ದಾರಿಗೆ ಮತ್ತೆ ಕೆಟ್ಟ ಟೈಮು. ಪಟ್ಟಿ ತನ್ನನ್ನ ತಾನೇ ನಿಜ ಮಾಡ್ಕೊಳ್ತದೆ. ಅದಕ್ಕೇ ಎರಡನೇ ಓಟದಲ್ಲಿ ಮೊದಲ 30 ಜನರನ್ನ ಉಲ್ಟಾ ಇಳಿಸ್ತಾರೆ, 30ನೆಯವನು ಮೊದಲು. ಆದ್ರೆ ಆ ಮೂವತ್ತರೊಳಗೆ ಬರಬೇಕಲ್ಲ.

ಇನ್ನು ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ ಕಡಿಮೆ ರೇಸ್ ಆಡಿದವರನ್ನ ಏನು ಮಾಡ್ತದೆ? ಕ್ರಾಸ್ ಕಂಟ್ರಿಯಲ್ಲಿ ಹನ್ನೆರಡು ತಿಂಗಳ ಒಳ್ಳೆಯ ಐದು ಫಲಿತಾಂಶದ ಸರಾಸರಿ ತಗೋತಾರೆ. ಅಲ್ಲಿ ಪಾಯಿಂಟ್ ಕಡಿಮೆ ಇದ್ದಷ್ಟೂ ಒಳ್ಳೇದು. ಐದು ಇಲ್ಲ, ನಾಲ್ಕೇ ಇದೆ ಅಂದ್ರೆ ಸರಾಸರಿಯನ್ನ 1.1ರಿಂದ ಗುಣಿಸ್ತಾರೆ. ಮೂರಿದ್ರೆ 1.2. ಎರಡಕ್ಕೆ 1.3. ಒಂದೇ ಆದ್ರೆ 1.4. ಅಂದ್ರೆ ಒಂದೇ ರೇಸ್‌ನಲ್ಲಿ 200 ಪಾಯಿಂಟ್ ತಗೊಂಡವಳು ಪಟ್ಟಿಯಲ್ಲಿ 280 ಆಗ್ತಾಳೆ. ಯುರೋಪಿನ ಹಳ್ಳಿ ಹುಡುಗಿಗೆ ಐದು ರೇಸ್ ಅಂದ್ರೆ ಐದು ಶನಿವಾರ. ಭಾರತದಿಂದ ಹೋಗೋರಿಗೆ ಅದು ವೀಸಾ, ವಿಮಾನ, ತಿಂಗಳುಗಟ್ಟಲೆ ಹೊರಗಿನ ಊಟ. ನಿಯಮ ಬರೆದವರಿಗೆ ದ್ವೇಷ ಏನಿಲ್ಲ, ಒಂದೇ ಫಲಿತಾಂಶ ನಂಬೋಕೆ ಅವರಿಗೆ ಭಯ. ಭಯ ಸರಿನೇ. ಆದ್ರೆ ‘ನಮಗೆ ಗೊತ್ತಿಲ್ಲ’ ಅನ್ನೋದನ್ನ ‘ನೀನು ನಿಧಾನ’ ಅಂತ ಬರೆದ್ರೆ ಅದು ಬೇರೆ ಮಾತಾಯ್ತು.

ಈ ಎರಡರ ವ್ಯತ್ಯಾಸವನ್ನ ಚೆನ್ನಾಗಿ ತೋರಿಸೋ ವಸ್ತು ನಿಮ್ಮ ಜೇಬಿನಲ್ಲೇ ಇದೆ. ಮೊಬೈಲ್‌ನಲ್ಲಿ ಲಿಚೆಸ್ ಆಡೋರು ಎಷ್ಟು ಜನ ಇದ್ದೀರಿ? ಹೊಸದಾಗಿ ಖಾತೆ ತೆರೆದಾಗ ನಿಮ್ಮ ರೇಟಿಂಗ್ 1500, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಇರ್ತದೆ. ತುಂಬಾ ದಿನ ಆಡದೇ ಬಿಟ್ರೂ ಅದು ವಾಪಸ್ ಬರ್ತದೆ. ಅದರ ಮೂಲ ಗ್ಲಿಕೊ ಪದ್ಧತಿ, ಮಾರ್ಕ್ ಗ್ಲಿಕ್‌ಮನ್ ಅನ್ನೋ ಸಂಖ್ಯಾಶಾಸ್ತ್ರಜ್ಞ 1995ರಲ್ಲಿ ಕೊಟ್ಟಿದ್ದು. ಪ್ರತಿ ಆಟಗಾರನಿಗೂ ಎರಡು ಸಂಖ್ಯೆ. ಒಂದು, ಎಷ್ಟು ಬಲ. ಇನ್ನೊಂದು, ಅದರ ಬಗ್ಗೆ ನಮಗೆ ಎಷ್ಟು ಅನುಮಾನ. ಆಡಿದಂತೆ ಅನುಮಾನ ಕಡಿಮೆ, ಬಿಟ್ಟಂತೆ ಅನುಮಾನ ಜಾಸ್ತಿ. ಅನುಮಾನದ ಸಂಖ್ಯೆ 110 ದಾಟಿದ್ರೆ ಪ್ರಶ್ನಾರ್ಥಕ ಚಿಹ್ನೆ. ಇಲ್ಲಿ ಗಮನಿಸಿ, ರೇಟಿಂಗ್ ಕಡಿಮೆ ಮಾಡೋದಿಲ್ಲ. ಗೊತ್ತಿಲ್ಲ ಅಂತ ಒಪ್ಕೊಳ್ತದೆ, ಅಷ್ಟೇ. ವಾಪಸ್ ಬಂದು ಆಡಿದಾಗ ಅನುಮಾನ ಜಾಸ್ತಿ ಇರೋದ್ರಿಂದ ರೇಟಿಂಗ್ ಬೇಗ ಬೇಗ ಜಿಗಿದು ಸರಿ ಜಾಗಕ್ಕೆ ಹೋಗ್ತದೆ. ಹಾಗಂತ ಟಾಪ್ ಪಟ್ಟಿಯಲ್ಲಿ ಹೆಸರು ಬರಬೇಕಂದ್ರೆ ಅನುಮಾನ ಕಡಿಮೆ ಆಗೋವರೆಗೂ ಆಡಲೇಬೇಕು. ಒಂದು ಸಲ ಗೆದ್ದು ಓಡಿಹೋಗೋರಿಗೆ ಅಲ್ಲಿ ಜಾಗ ಇಲ್ಲ.

ಬೋರ್ಡಿನ ಮೇಲಿನ ಚೆಸ್‌ಗೆ, ಅಂದ್ರೆ ಫಿಡೆ ರೇಟಿಂಗ್‌ಗೆ ಬಂದ್ರೆ ಕಥೆ ಬೇರೆ. ಅದು ಅರ್ಪಾದ್ ಎಲೋ ಅನ್ನೋ ಹಂಗೇರಿ ಮೂಲದ ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕನ ಪದ್ಧತಿ, ಫಿಡೆ 1970ರಿಂದ ಬಳಸ್ತಿದೆ. ಅಲ್ಲಿ ಅನುಮಾನಕ್ಕೆ ಬೇರೆ ಸಂಖ್ಯೆ ಇಲ್ಲ. ಬದಲಿಗೆ ಕೆ ಅನ್ನೋ ಒಂದು ಗುಣಕ. ಹೊಸಬರಿಗೆ ಮೊದಲ 30 ಆಟ ಮುಗಿಯೋವರೆಗೆ ಕೆ 40. ಆಮೇಲೆ 2400 ಮುಟ್ಟೋವರೆಗೆ 20. ಹದಿನೆಂಟರ ಒಳಗಿನವರಿಗೆ ರೇಟಿಂಗ್ 2300ರ ಕೆಳಗಿದ್ರೆ 40 ಹಾಗೇ ಇರ್ತದೆ.

ಇದನ್ನ ಊರಿಗೆ ತನ್ನಿ. 1400 ರೇಟಿಂಗ್‌ನವರು 1600ರವರನ್ನ ಸೋಲಿಸಿದ್ರು ಅನ್ನೋಣ. 200 ಅಂತರ ಇದ್ದಾಗ ಕೆಳಗಿನವರಿಗೆ ನಿರೀಕ್ಷೆ 0.24. ಗೆದ್ದಾಗ ಬಂದಿದ್ದು 1, ನಿರೀಕ್ಷೆಗಿಂತ 0.76 ಜಾಸ್ತಿ. ಶಾಲೆ ಹುಡುಗನಿಗೆ ಕೆ 40, ಅವನಿಗೆ 30.4 ಅಂಕ. ಈಗ ಶಕ್ತಿನಗರದಲ್ಲಿ ಶಿಫ್ಟ್ ಕೆಲಸ ಮಾಡೋ ಒಬ್ಬ ಮೂವತ್ತು ವರ್ಷದವನನ್ನ ಊಹಿಸಿ. ಹಿಂದೆ ಮೂವತ್ತು ಆಟ ಆಡಿ ಮುಗಿಸಿದ್ದಾನೆ. ಎರಡು ವರ್ಷ ರಜೆ ಸಿಗದೆ ಟೂರ್ನಿಗೆ ಹೋಗಿಲ್ಲ, ಆದ್ರೆ ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಆಡಿ ಸಿಕ್ಕಾಪಟ್ಟೆ ಸುಧಾರಿಸಿದ್ದಾನೆ. ಅದೇ ಗೆಲುವಿಗೆ ಅವನಿಗೆ ಸಿಗೋದು 15.2. ಅವನ ಬಗ್ಗೆ ನಮಗೆ ಈಗ ಗೊತ್ತಿರೋದು ಹೊಸಬನ ಬಗ್ಗೆ ಗೊತ್ತಿರೋದಕ್ಕಿಂತ ಏನೂ ಜಾಸ್ತಿ ಇಲ್ಲ, ಆದ್ರೂ ಪದ್ಧತಿ ಅವನನ್ನ ಚೆನ್ನಾಗಿ ಬಲ್ಲೆ ಅಂತ ನಡ್ಕೋತದೆ. ಒಂದು ವರ್ಷ ಆಡದಿದ್ರೆ ಪಟ್ಟಿಯಲ್ಲಿ ‘ನಿಷ್ಕ್ರಿಯ’ ಅಂತ ಬರ್ತದೆ, ಒಂದು ಆಟ ಆಡಿದ್ರೆ ಹೋಗ್ತದೆ, ಆದ್ರೆ ಗುಣಕ ಬದಲಾಗೋದಿಲ್ಲ. ಚೆಸ್‌ನಲ್ಲಿ ಅಪರೂಪಕ್ಕೆ ಬರೋ ದೊಡ್ಡವರಿಗೆ ಆಗೋ ಅನ್ಯಾಯ ಇದೇ ಅಂತ ನನಗನ್ನಿಸ್ತದೆ. ಮಕ್ಕಳ ಬಗ್ಗೆ ಎಲ್ಲರೂ ಮಾತಾಡ್ತಾರೆ, ಇವರ ಬಗ್ಗೆ ಯಾರೂ ಮಾತಾಡಲ್ಲ.

ಇನ್ನೊಂದು ಸಣ್ಣೂರಿನ ಸಮಸ್ಯೆ. ಮಾನ್ವಿಯಲ್ಲಿ ಇಪ್ಪತ್ತು ಮಕ್ಕಳು ತಮ್ಮ ತಮ್ಮಲ್ಲೇ ಆಡ್ತಿದ್ದಾರೆ ಅಂದುಕೊಳ್ಳಿ. ಎಲ್ಲರಿಗೂ ಒಂದೇ ಗುಣಕ. ಒಬ್ಬ ಗೆದ್ದು 10 ಅಂಕ ತಗೊಂಡ್ರೆ ಇನ್ನೊಬ್ಬನ ಹತ್ತಿರದಿಂದಲೇ ತಗೋಬೇಕು. ಇಪ್ಪತ್ತೂ ಜನ ವರ್ಷವಿಡೀ ಸುಧಾರಿಸಿದ್ರೂ ಇಪ್ಪತ್ತು ಜನರ ಒಟ್ಟು ಅಂಕ ಅಷ್ಟೇ ಇರ್ತದೆ. ಮುಚ್ಚಿದ ಕೆರೆ ಇದ್ದ ಹಾಗೆ, ಹೊರಗಿನ ಕಾಲುವೆ ನೀರು ಬರೋದಿಲ್ಲ. ಆಮೇಲೆ ಅವರಲ್ಲೊಬ್ಬ ಬೆಂಗಳೂರಿಗೆ ಹೋಗಿ ಮೇಲಿನ ರೇಟಿಂಗ್‌ನವರನ್ನ ಹೊಡೆದಾಗ ‘ಅಂಡರ್‌ರೇಟೆಡ್ ಹುಡುಗರು, ಇವರ ಜೊತೆ ಆಡಿದ್ರೆ ನಮ್ಮ ಅಂಕ ಹೋಗ್ತದೆ’ ಅಂತ ಗೊಣಗಾಟ ಶುರು.

ಫಿಡೆಗೂ ಇದು ಗೊತ್ತಾಗಿ 2024ರ ಮಾರ್ಚ್ 1ರಿಂದ ನಿಯಮ ಬದಲಾಯಿಸಿತು. ರೇಟಿಂಗ್‌ನ ಕನಿಷ್ಠ ಮಟ್ಟ 1000 ಇದ್ದದ್ದು 1400 ಆಯ್ತು. 2000ಕ್ಕಿಂತ ಕೆಳಗಿದ್ದವರಿಗೆಲ್ಲ ಒಂದು ಸಲ ಅಂಕ ಏರಿಸಿದ್ರು. 2000ಕ್ಕೆ ಎಷ್ಟು ಕಡಿಮೆಯೋ ಅದರ ಶೇಕಡಾ 40. 1500 ಇದ್ದವನು 1700 ಆದ.

ನಮ್ಮ ಹುಡುಗಿಯರ ಓಟಕ್ಕೆ ಬೇಕಾದ ಕೀಲಿಕೈ ಇರೋದು ಅದೇ ಸಲ ಬಂದ ಇನ್ನೊಂದು ನಿಯಮದಲ್ಲಿ. ಹೊಸಬರಿಗೆ ಮೊದಲ ರೇಟಿಂಗ್ ಸಿಗೋಕೆ ರೇಟಿಂಗ್ ಇರೋರ ಜೊತೆ ಕನಿಷ್ಠ 5 ಆಟ ಆಡಿರಬೇಕು. ಲೆಕ್ಕ ಹಾಕೋವಾಗ ಅವಕ್ಕೆ ಇನ್ನೂ ಎರಡು ಆಟ ಸೇರಿಸ್ತಾರೆ. ಆಡದೇ ಇರೋ ಆಟ! 1800 ರೇಟಿಂಗ್‌ನ ಇಬ್ಬರು ಕಾಲ್ಪನಿಕ ಎದುರಾಳಿಗಳ ಜೊತೆ ಡ್ರಾ ಆಯ್ತು ಅಂತ. ಯಾಕೆ? ಐದೇ ಆಟದಲ್ಲಿ ಯಾರೋ ಒಬ್ಬ ಅದೃಷ್ಟದಿಂದ ಗಗನಕ್ಕೆ ಹೋಗಬಾರದು, ಇನ್ನೊಬ್ಬ ಪಾತಾಳಕ್ಕೂ ಹೋಗಬಾರದು. ಕಡಿಮೆ ಆಡಿದವರನ್ನ ಈ ಎರಡು ಆಟ ಮಧ್ಯಕ್ಕೆ ಎಳೀತವೆ. ಜಾಸ್ತಿ ಆಡ್ತಾ ಹೋದಂತೆ ಅವು ಸಾಗರದಲ್ಲಿ ಎರಡು ಹನಿ.

ಇದನ್ನೇ ನಮ್ಮ ಹತ್ತು ಭಾನುವಾರಕ್ಕೆ ಹಾಕೋಣ. ಪ್ರತಿಯೊಬ್ಬಳಿಗೂ ಎರಡು ಕಾಲ್ಪನಿಕ ಓಟ ಸೇರಿಸಿ, ಒಂದೊಂದಕ್ಕೂ ಮಧ್ಯದ 5 ಅಂಕ. ಆಮೇಲೆ ಸರಾಸರಿ.

ಐದು ಗೆದ್ದು ಐದರಲ್ಲಿ ಎರಡನೆಯವಳಾದ ರಾಯಚೂರಿನವಳು: 95 ಮತ್ತು 10 ಸೇರಿ 105, ಭಾಗಿಸು 12, ಬಂತು 8.75. ಮೂರಕ್ಕೆ ಮೂರು ಗೆದ್ದ ದೇವದುರ್ಗದವಳು: 30 ಮತ್ತು 10 ಸೇರಿ 40, ಭಾಗಿಸು 5, ಬಂತು 8. ಒಂದೇ ಸಲ ಬಂದು ಗೆದ್ದ ಮಾನ್ವಿಯವಳು: 20 ಭಾಗಿಸು 3, ಸುಮಾರು 6.67. ಹತ್ತೂ ಸಲ ಐದನೆಯವಳಾದವಳು: 70 ಭಾಗಿಸು 12, ಸುಮಾರು 5.83.

ಈಗ ಪಟ್ಟಿ ನೋಡಿದ್ರೆ ಊರಿನವರು ಅರ್ಧದಷ್ಟು ಒಪ್ಕೋತಾರೆ. ಒಂದು ಸಲ ಬಂದವಳು ಶಿಖರಕ್ಕೆ ಹೋಗಲಿಲ್ಲ, ಮೂರು ಸಲ ಗೆದ್ದವಳು ನೆಲಕ್ಕೂ ಬೀಳಲಿಲ್ಲ. ಲೆಕ್ಕಕ್ಕೆ ಕಂಪ್ಯೂಟರ್ ಬೇಡ, ಫೋನಿನ ಕ್ಯಾಲ್ಕುಲೇಟರ್ ಸಾಕು.

ಆದ್ರೆ ಒಬ್ಬಳು ಎದ್ದು ಕೇಳ್ತಾಳೆ, ದೇವದುರ್ಗದವಳೇ. ‘ನಾನು ಬಂದ ಮೂರೂ ಸಲ ಆ ಮೊದಲನೆಯವಳು ನನ್ನ ಹಿಂದೆ ಎರಡನೆಯವಳಾಗಿ ಬಂದಾಳ. ಒಂದ್ಸಲನೂ ನನ್ನ ಮುಂದ ಹೋಗಿಲ್ಲ. ಅವಳು ನನ್ನ ಮ್ಯಾಲೆ ಹೆಂಗ್ರಿ?’ ನ್ಯಾಯವಾದ ಪ್ರಶ್ನೆ. ಸ್ಥಾನಕ್ಕೆ ಅಂಕ ಕೊಡೋ ಪದ್ಧತಿಗೆ ಇದಕ್ಕೆ ಉತ್ತರ ಇಲ್ಲ, ಯಾಕಂದ್ರೆ ಅದು ಯಾರನ್ನ ಸೋಲಿಸಿದೆ, ಎಷ್ಟರಿಂದ ಸೋಲಿಸಿದೆ ಅಂತ ನೋಡೋದೇ ಇಲ್ಲ. ಅದಕ್ಕೇ ಸ್ಥಾನ ಬಿಟ್ಟು ಟೈಮ್ ಬಳಸಿ ಅನ್ನೋದು. ನಾಸ್ಟಾರ್ ಥರ, ಪ್ರತಿ ಓಟದಲ್ಲಿ ಇಬ್ಬರು ಅಳತೆಯ ಓಟಗಾರರು ಇರಲಿ. ಅವರು ಗೆಲ್ಲೋಕೆ ಬಂದೋರಲ್ಲ, ತಮ್ಮ ಶಕ್ತಿಗೆ ತಕ್ಕಂತೆ ನಿಯತ್ತಾಗಿ ಓಡೋರು. ಅವರ ಸರಾಸರಿ 50 ನಿಮಿಷ, ನಿನ್ನದು 45, ಹಾಗಾದ್ರೆ ಅವತ್ತಿನ ನಿನ್ನ ಲೆಕ್ಕ 90. ಬೇಸಿಗೆ ಬಿಸಿಲಿದ್ರೆ ಅವರಿಗೂ ಬಿಸಿಲು. ಅದರ ಮೇಲೆ ಬೇಕಾದ್ರೆ ಆ ಎರಡು ಕಾಲ್ಪನಿಕ ಓಟ ಸೇರಿಸಿ, 100ರಂತೆ. ಅಳತೆಯವರಲ್ಲೊಬ್ಬರಿಗೆ ಹುಷಾರಿಲ್ಲದಿದ್ರೆ ಅವತ್ತಿನ ಲೆಕ್ಕ ತಪ್ತದೆ, ಅದಕ್ಕೇ ಇಬ್ಬರು. ಮೂವರು ಸಿಕ್ಕರೆ ಇನ್ನೂ ಒಳ್ಳೇದು, ಸಿಗೋದು ಕಷ್ಟ, ಗೆಲ್ಲೋದಕ್ಕಲ್ಲದೆ ಓಡೋರು ನಮ್ಮಲ್ಲಿ ಕಡಿಮೆ!

ಹತ್ತೂ ಭಾನುವಾರ ಬಂದವಳಿಗೆ ಏನೂ ಇಲ್ವಾ ಅಂತ ಕೇಳ್ತೀರಿ. ಇರಲೇಬೇಕು. ಅವಳು ಬರದಿದ್ರೆ ಓಟವೇ ನಡೆಯೋದಿಲ್ಲ, ಎಂಟ್ರಿ ಫೀ ಕಟ್ಟಿ ಟೂರ್ನಿ ಉಳಿಸೋದು ಅವಳೇ. ಹಾಜರಿಗೆ ಬೇರೆ ಬಹುಮಾನ ಇಡಿ, ದೊಡ್ಡದೇ ಇಡಿ, ಬೇರೆ ಪಟ್ಟಿಯಲ್ಲಿ ಇಡಿ. ವೇಗದ ಪಟ್ಟಿಗೆ ಹಾಜರಿ ಬೆರೆಸಬೇಡಿ.

ಇನ್ನು ಪಟ್ಟಿ ಯಾವುದಕ್ಕೆ ಅನ್ನೋದೂ ನೋಡಬೇಕು. ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕೋಕಾದ್ರೆ ಲಿಚೆಸ್ ಥರ ಹೆಸರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರೆ ಸಾಕು. ಯಾರಿಗೆ ಮೊದಲ ಸಾಲಿನಲ್ಲಿ ನಿಲ್ಲೋ ಜಾಗ ಅಂತ ತೀರ್ಮಾನಿಸೋಕಾದ್ರೆ ಒಂದು ಗಟ್ಟಿ ಸಂಖ್ಯೆ ಬೇಕಾಗ್ತದೆ, ಆಗ ಮಧ್ಯಕ್ಕೆ ಎಳೆದ ಲೆಕ್ಕ ಸರಿ. ಆದ್ರೆ ಜಿಲ್ಲೆಯಿಂದ ಹೊರಗೆ ತಂಡ ಕಳಿಸೋಕಾದ್ರೆ ನಾನು ಯಾವ ಪಟ್ಟಿಯನ್ನೂ ಪೂರ್ತಿ ನಂಬೋದಿಲ್ಲ. ಒಂದು ದಿನ ಗೊತ್ತು ಮಾಡಿ, ಒಂದು ತಿಂಗಳು ಮುಂಚೆ ತಿಳಿಸಿ, ದೂರದವರ ಬಸ್ ಖರ್ಚು ಕೊಟ್ಟು ಟ್ರಯಲ್ ಇಡಿ. ಪ್ರಶ್ನಾರ್ಥಕ ಚಿಹ್ನೆ ಇರೋರೆಲ್ಲ ಅಲ್ಲಿ ಬಂದು ಅಳಿಸ್ಕೊಳ್ಳಲಿ. ಟ್ರಯಲ್‌ಗೆ ಆಗೋ ಖರ್ಚು ಒಂದು ಶಾಮಿಯಾನದ ಖರ್ಚಿಗಿಂತ ಜಾಸ್ತಿ ಆಗಲಾರದು.

ಮುಂದಿನ ಸಲ ಎಂಟ್ರಿ ಫೀ ಕಟ್ಟೋವಾಗ, ಓಟ ಇರಲಿ, ಶಟ್ಲ್ ಇರಲಿ, ಚೆಸ್ ಇರಲಿ, ಎರಡು ವಿಷಯ ಕೇಳಿ. ಎಷ್ಟು ಸಲ ಬಂದ್ರೆ ಪಟ್ಟಿಗೆ ಸೇರಿಸ್ತೀರಿ? ಬರದೇ ಇದ್ದ ದಿನವನ್ನ ಸೊನ್ನೆ ಅಂತ ಬರೀತೀರೋ ಖಾಲಿ ಬಿಡ್ತೀರೋ? ಈ ಎರಡನೇ ಪ್ರಶ್ನೆ ಕೇಳಿದ್ರೆ ಬಹಳಷ್ಟು ಕಡೆ ಒಂದು ನಿಮಿಷ ಮೌನ ಇರ್ತದೆ, ಯಾಕಂದ್ರೆ ಎಕ್ಸೆಲ್ ಶೀಟಿನಲ್ಲಿ ಸೊನ್ನೆ ತಾನಾಗೇ ಬಂದು ಕೂತಿರ್ತದೆ, ಯಾರೂ ಕೂತು ತೀರ್ಮಾನ ಮಾಡಿರೋದಿಲ್ಲ.

ನಿಮ್ಮೂರಿನ ಟೂರ್ನಿಯ ನಿಯಮದ ಹಾಳೆ ಇದ್ರೆ ಫೋಟೋ ತೆಗೆದು ಕಳಿಸಿ, ಹೆಸರು ಮುಚ್ಚಿ ಕಳಿಸಿದ್ರೂ ನಡೀತದೆ. ಚೆನ್ನಾಗಿರೋ ಒಂದೆರಡನ್ನ ಮುಂದಿನ ವಾರ ಲೆಕ್ಕ ಹಾಕಿ ನೋಡೋಣ. ಸಿಗೋಣ್ರಿ.